ಮೊದಲು ಮನೆ, ಆಮೇಲೆ ಜಗಲಿ, ಕೊನೆಗೆ ಸಂತೆ

ಗಲ್ಫಿನಲ್ಲಿರುವ ಕನ್ನಡಿಗರಲ್ಲಿ ಬರೆಯುವವರು ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹತ್ತು ಗಂಟೆ ಡ್ಯೂಟಿ ಮಾಡಿ, ಕಂಪನಿ ಬಸ್ಸಿನಲ್ಲಿ ಕ್ಯಾಂಪಿಗೆ ಬಂದು, ಸರದಿ ಇದ್ದ ದಿನ ಅಡುಗೆ ಮುಗಿಸಿ, ಮೇಲಿನ ಮಂಚದಲ್ಲಿ ಮಲಗಿಕೊಂಡು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕವನ, ಕಥೆ, ಊರಿನ ನೆನಪು ಬರೆಯುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಅಂಗಡಿಯ ಕೌಂಟರಿನಲ್ಲಿ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ, ಟ್ಯಾಕ್ಸಿಯ ಸೀಟಿನಲ್ಲಿ ಕೂತು ಬರೆಯುವವರಿದ್ದಾರೆ. ಬರೆದಾದ ಮೇಲೆ ಇವರೆಲ್ಲರಿಗೂ ಬರುವ ಪ್ರಶ್ನೆ ಒಂದೇ: ಇದನ್ನು ಎಲ್ಲಿ ಹಾಕಲಿ?

ಈ ಪ್ರಶ್ನೆಗೆ ರೂಮಿನವರು ಕೊಡುವ ಉತ್ತರವೂ ಒಂದೇ. “ಗ್ರೂಪಿಗೆ ಹಾಕು ಮಾರಾಯ, ಫೇಸ್‌ಬುಕ್ಕಿಗೂ ಹಾಕು, ಎಲ್ಲರೂ ನೋಡ್ತಾರೆ.” ಪ್ರೀತಿಯಿಂದ ಹೇಳುವ ಮಾತೇ ಸರಿ. ಆದರೆ ಹೊಸದಾಗಿ ಬರೆಯಲು ಹೊರಟವರಿಗೆ ಇದು ಒಳ್ಳೆಯ ಸಲಹೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಮುಂದೆ ಹೇಳುತ್ತೇನೆ. ಒಪ್ಪದವರು ಮುಂದಿನ ವರ್ಷದ ಸಂಚಿಕೆಯಲ್ಲಿ ಉತ್ತರ ಬರೆಯಲಿ. ನಮ್ಮ ಸಂಚಿಕೆಗೆ ಒಂದು ಲೇಖನ ಹೆಚ್ಚಾದಂತೆಯೂ ಆಗುತ್ತದೆ.

ಊರಿನ ಲೆಕ್ಕದಲ್ಲಿ ಹೇಳುವುದಾದರೆ ಬರಹಕ್ಕೆ ಮೂರು ಜಾಗ ಬೇಕು. ಒಂದು ಮನೆ. ಅಲ್ಲಿ ಬರಹ ಶಾಶ್ವತವಾಗಿ ಇರುತ್ತದೆ, ಬೀಗದ ಕೈ ನಮ್ಮ ಹತ್ತಿರ ಇರುತ್ತದೆ. ಎರಡನೆಯದು ಜಗಲಿ. ಅಲ್ಲಿ ನಾಲ್ಕು ಜನ ಕೂತು ಕೇಳುತ್ತಾರೆ, ಚೆನ್ನಾಗಿದ್ದರೆ ತಲೆದೂಗುತ್ತಾರೆ, ಇಲ್ಲದಿದ್ದರೆ “ಇದು ಯಾಕೋ ಸರಿಯಾಗಿಲ್ಲ” ಎಂದು ಮುಖಕ್ಕೇ ಹೇಳುತ್ತಾರೆ. ಮೂರನೆಯದು ಸಂತೆ. ಅಲ್ಲಿ ಸಾವಿರ ಜನ ಸೇರುತ್ತಾರೆ, ಸಂಜೆಯಾದರೆ ಖಾಲಿಯಾಗುತ್ತದೆ. ಮೂರೂ ಬೇಕು. ಆದರೆ ನಾವು ಮನೆಯನ್ನೂ ಜಗಲಿಯನ್ನೂ ಬಿಟ್ಟು ನೇರವಾಗಿ ಸಂತೆಗೆ ಓಡುತ್ತಿದ್ದೇವೆ. ನನ್ನ ತಕರಾರು ಇಷ್ಟೇ.

ಸಂತೆಯಲ್ಲಿ ಆಗುವುದೇನು?

ವಾಟ್ಸಾಪಿನಲ್ಲಿ ಒಂದು ಬರಹ ಗ್ರೂಪಿನಿಂದ ಗ್ರೂಪಿಗೆ ಹೋಗುವಾಗ ಅದರ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಬೀಳುತ್ತದೆ, ಮೊದಲು ಕಳಿಸಿದವರ ಹೆಸರು ಬರುವುದಿಲ್ಲ. ನೀವು ಕೊನೆಯಲ್ಲಿ ಹೆಸರು ಬರೆದಿದ್ದರೂ ಆ ಸಾಲನ್ನು ಬಿಟ್ಟು ಕಾಪಿ ಮಾಡಲು ಅರ್ಧ ನಿಮಿಷ ಸಾಕು. ಮೂರನೆಯ ಗ್ರೂಪಿಗೆ ತಲುಪುವ ಹೊತ್ತಿಗೆ ಅದು “ಯಾರೋ ಬರೆದದ್ದು, ಮನಸ್ಸಿಗೆ ತಟ್ಟಿತು” ಆಗಿರುತ್ತದೆ. ಐದನೆಯ ಗ್ರೂಪಿನಲ್ಲಿ ಅದಕ್ಕೆ ಬೇರೆಯವರ ಹೆಸರೇ ಸೇರಿರುತ್ತದೆ. ನಿಮ್ಮ ಅಮ್ಮನ ಬಗ್ಗೆ ನೀವು ಬರೆದ ನೆನಪು ಆರು ತಿಂಗಳ ನಂತರ ತಾಯಂದಿರ ದಿನದ ಶುಭಾಶಯವಾಗಿ ನಿಮ್ಮ ಫೋನಿಗೇ ವಾಪಸು ಬಂದರೆ ಆಶ್ಚರ್ಯಪಡಬೇಡಿ. ಇದು ನನ್ನದು ಎಂದು ಹೇಳಲು ನಿಮ್ಮ ಹತ್ತಿರ ತಾರೀಕು ಇರುವ ಒಂದು ವಿಳಾಸವೂ ಇರುವುದಿಲ್ಲ.

ಎರಡನೆಯದು ಮೆಚ್ಚುಗೆಯ ವಿಷಯ. ಓದಲು ಹದಿನೈದು ನಿಮಿಷ ಬೇಕಾದ ಕಥೆಯನ್ನು ಗ್ರೂಪಿಗೆ ಹಾಕಿ ನೋಡಿ. ಎರಡನೆಯ ನಿಮಿಷದಲ್ಲಿ ಹೆಬ್ಬೆರಳು ಬರುತ್ತದೆ, ಮೂರನೆಯ ನಿಮಿಷದಲ್ಲಿ ಕೈಮುಗಿದ ಚಿತ್ರ, ನಾಲ್ಕನೆಯ ನಿಮಿಷದಲ್ಲಿ “ಸೂಪರ್ ಬ್ರೋ”. ಇದು ಸ್ನೇಹಕ್ಕೆ ಸಿಕ್ಕ ಉತ್ತರ, ಕಥೆಗೆ ಸಿಕ್ಕದ್ದಲ್ಲ. ಸ್ನೇಹ ಬೇಡ ಎಂದು ಯಾರು ಹೇಳುತ್ತಾರೆ? ಆದರೆ ಕಥೆಯ ಎರಡನೇ ಭಾಗದಲ್ಲಿ ಎಳೆದಾಟ ಜಾಸ್ತಿಯಾಯಿತು, ಅಜ್ಜಿ ಹಾಗೆ ಮಾತಾಡುವುದಿಲ್ಲ, ಕೊನೆಯ ನಾಲ್ಕು ಸಾಲು ಬೇಕಾಗಿರಲಿಲ್ಲ ಎಂದು ಯಾರೂ ಹೇಳದಿದ್ದರೆ ಹತ್ತನೆಯ ಕಥೆಯೂ ಮೊದಲನೆಯ ಕಥೆಯ ಹಾಗೆಯೇ ಇರುತ್ತದೆ. ಐದು ವರ್ಷ ಬರೆದೂ ಬೆಳೆಯದೆ ಉಳಿದವರನ್ನು ನಾವು ನೋಡುತ್ತಿದ್ದೇವೆ. ಅವರಿಗೆ ಪ್ರತಿಭೆ ಇಲ್ಲ ಎಂದಲ್ಲ. ಅವರಿಗೆ ಹೆಬ್ಬೆರಳು ಬಿಟ್ಟು ಬೇರೇನೂ ಸಿಗಲಿಲ್ಲ.

ಫೇಸ್‌ಬುಕ್ ಸ್ವಲ್ಪ ಉತ್ತಮ, ಹೆಸರಾದರೂ ಉಳಿಯುತ್ತದೆ. ಆದರೆ ಅಲ್ಲಿ ನಿಮ್ಮ ಬರಹ ಯಾರಿಗೆ ಕಾಣಬೇಕು ಎಂಬುದನ್ನು ಯಂತ್ರ ತೀರ್ಮಾನಿಸುತ್ತದೆ. ಮಗಳ ಹುಟ್ಟುಹಬ್ಬದ ಫೋಟೋಗೆ ಇನ್ನೂರು ಲೈಕು ಬಂದರೆ ಎರಡು ವಾರ ಕೂತು ಬರೆದ ಲೇಖನಕ್ಕೆ ಹದಿನಾಲ್ಕು ಬರುತ್ತವೆ. ಹೊಸಬರಿಗೆ ಆಗ ಅನ್ನಿಸುವುದು “ನನ್ನ ಬರಹ ಕೆಟ್ಟದು” ಎಂದು. ಕೆಲವರು ಅಲ್ಲಿಗೇ ಬರೆಯುವುದನ್ನು ಬಿಡುತ್ತಾರೆ. ಇನ್ನು ಕೆಲವರು ಲೈಕು ಸಿಗುವ ಹಾಗೆ ಬರೆಯಲು ಕಲಿಯುತ್ತಾರೆ: ನಾಲ್ಕು ಸಾಲು ಕಣ್ಣೀರು, ಎರಡು ಸಾಲು ಉಪದೇಶ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ನಷ್ಟ ಎಂದು ನನಗೆ ಅನ್ನಿಸುತ್ತದೆ. ಹಳೆಯ ಬರಹವನ್ನು ಹುಡುಕುವುದಂತೂ ಕೇಳಲೇಬೇಡಿ. ಮೂರು ವರ್ಷ ಹಿಂದಿನದು ಬರೆದವರಿಗೇ ಸಿಗುವುದಿಲ್ಲ.

ಕೋಡಂಗಿ ವೇಷದ ಪಾಠ

ಯಕ್ಷಗಾನ ಮೇಳಕ್ಕೆ ಸೇರಿದ ಹೊಸ ಹುಡುಗನನ್ನು ಒಮ್ಮೆಲೇ ನಡುರಾತ್ರಿಯ ಮುಖ್ಯ ವೇಷಕ್ಕೆ ಇಳಿಸುವ ಪದ್ಧತಿ ಇರಲಿಲ್ಲ. ರಾತ್ರಿಯಿಡೀ ನಡೆಯುವ ಆಟದ ಪೂರ್ವರಂಗದಲ್ಲಿ, ಜನ ಇನ್ನೂ ಊಟ ಮುಗಿಸಿ ಚಾಪೆ ಹಿಡಿದುಕೊಂಡು ಬರುತ್ತಿರುವ ಹೊತ್ತಿನಲ್ಲಿ, ಕೋಡಂಗಿ ವೇಷ, ಬಾಲಗೋಪಾಲ ವೇಷ ಕಟ್ಟಿಸಿ ಕುಣಿಸುತ್ತಿದ್ದರು. ನೋಡುವವರು ಬೆರಳೆಣಿಕೆ. ಹೆಜ್ಜೆ ತಪ್ಪಿದರೆ ಹಿಮ್ಮೇಳದವರಿಗೆ ಗೊತ್ತಾಗುತ್ತಿತ್ತು, ಚೌಕಿಯಲ್ಲಿ ಹಿರಿಯರು ತಿದ್ದುತ್ತಿದ್ದರು. ಸಭೆ ತುಂಬುವ ಹೊತ್ತಿಗೆ ಹುಡುಗ ವೇಷ ಕಳಚಿ ಮೂಲೆಯಲ್ಲಿ ಕೂತು ದೊಡ್ಡವರ ಆಟ ನೋಡುತ್ತಿದ್ದ. ಹೀಗೆ ವರ್ಷಗಟ್ಟಲೆ ಮೆಟ್ಟಿಲು ಹತ್ತಿ ಮೇಲೆ ಬಂದವರೇ ಮುಂದೆ ಹೆಸರಾಂತ ಕಲಾವಿದರಾದರು.

ಹೊಸ ಬರಹಗಾರನಿಗೂ ಬೇಕಾದದ್ದು ಇದೇ. ಕಡಿಮೆ ಜನ ನೋಡುವುದು ಅವಮಾನವಲ್ಲ, ಅದೊಂದು ಅನುಕೂಲ. ಇಪ್ಪತ್ತು ಜನ ಓದುವ ಜಾಗದಲ್ಲಿ ನೀವು ಧೈರ್ಯವಾಗಿ ಒಂದು ಹೊಸ ರೀತಿಯ ಕಥೆ ಬರೆದು ನೋಡಬಹುದು. ಸಾವಿರ ಜನ, ಅದರಲ್ಲೂ ಸೂಪರ್‌ವೈಸರ್, ಭಾವ, ಊರಿನ ಮೇಷ್ಟ್ರು, ಎಲ್ಲರೂ ನೋಡುವ ಗೋಡೆಯ ಮೇಲೆ ಆ ಧೈರ್ಯ ಬರುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ವರ್ಷ “ಎಷ್ಟು ಜನ ಓದಿದರು” ಎಂದು ಕೇಳಬೇಡಿ. “ಓದಿದವರಲ್ಲಿ ಯಾರಾದರೂ ಒಬ್ಬರು ನನಗೆ ಉಪಯೋಗವಾಗುವ ಮಾತು ಹೇಳಿದರೇ” ಎಂದು ಕೇಳಿ.

ಜಗಲಿಯನ್ನು ಆರಿಸುವುದು ಹೇಗೆ?

ಕನ್ನಡದಲ್ಲಿ ಅಂತರ್ಜಾಲದ ಜಗಲಿಗಳಿಗೆ ಈಗ ಎರಡು ದಶಕದ ಇತಿಹಾಸ ಇದೆ. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ ‘ಸಂಪದ’ದಲ್ಲಿ ಎಷ್ಟೋ ಹೊಸಬರು ಮೊದಲ ಬಾರಿಗೆ ಕನ್ನಡದಲ್ಲಿ ಟೈಪು ಮಾಡಿ, ಗುರುತಿಲ್ಲದ ಓದುಗರಿಂದ ಪ್ರತಿಕ್ರಿಯೆ ಪಡೆದರು. ಜಿ.ಎನ್. ಮೋಹನ್ ಅವರ ‘ಅವಧಿ’, ಅಬ್ದುಲ್ ರಶೀದ್ ಸಂಪಾದಕರಾಗಿ ರೂಪಿಸಿದ ‘ಕೆಂಡಸಂಪಿಗೆ’, ‘ಪಂಜು’, ‘ಸುರಹೊನ್ನೆ’ ಹೀಗೆ ಹಲವು ಜಾಲಪತ್ರಿಕೆಗಳು ಬಂದವು. ಇಂಥ ಪತ್ರಿಕೆಗಳ ದೊಡ್ಡ ಗುಣ ಎಂದರೆ ಬರಹ ಪ್ರಕಟವಾಗುವ ಮೊದಲು ಇನ್ನೊಬ್ಬರ ಕಣ್ಣು ಅದರ ಮೇಲೆ ಹಾಯುತ್ತದೆ. ತಿರಸ್ಕಾರವಾದರೂ ಅದರಲ್ಲೊಂದು ಪಾಠ ಇರುತ್ತದೆ.

ನಮ್ಮಲ್ಲಿ ಬಹಳ ಜನ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಉರ್ದು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರು. “ನನ್ನ ಕನ್ನಡದಲ್ಲಿ ಕಾಗುಣಿತ ತಪ್ಪುತ್ತದೆ, ಸಂಪಾದಕರು ನಕ್ಕರೆ?” ಎಂದು ಹೆದರುವವರೂ ಇದ್ದಾರೆ. ಹೆದರುವ ಅಗತ್ಯ ಇಲ್ಲ. ಅಲ್ಪಪ್ರಾಣ, ಮಹಾಪ್ರಾಣ ತಿದ್ದುವುದು ಸಂಪಾದಕರಿಗೆ ದಿನನಿತ್ಯದ ಕೆಲಸ. ಹೇಳಲು ವಿಷಯ ಇರುವವರು ಸಿಗುವುದು ಅವರಿಗೂ ಅಪರೂಪ.

ಯಾವುದೇ ಜಗಲಿಗೆ ಬರಹ ಕಳಿಸುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ. ಮೊದಲನೆಯದು, ಅದು ಈಗಲೂ ನಡೆಯುತ್ತಿದೆಯೇ, ಕಳೆದ ತಿಂಗಳು ಹೊಸ ಬರಹ ಬಂದಿದೆಯೇ? ಎರಡನೆಯದು, ಎರಡು ಮೂರು ವರ್ಷದ ಹಿಂದಿನ ಬರಹ ಇವತ್ತು ಒತ್ತಿದರೆ ತೆರೆಯುತ್ತದೆಯೇ? ಮೂರನೆಯದು, ಬರೆದವರ ಹೆಸರು ಎದ್ದು ಕಾಣುತ್ತದೆಯೇ? ನಾಲ್ಕನೆಯದು, ದುಡ್ಡು ಕೇಳುತ್ತಾರೆಯೇ?

ಈ ನಾಲ್ಕನೆಯದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. “ನಿಮ್ಮ ಕವನ ನಮ್ಮ ಸಂಕಲನಕ್ಕೆ ಆಯ್ಕೆಯಾಗಿದೆ, ಇಷ್ಟು ರೂಪಾಯಿ ಕಳಿಸಿದರೆ ಪುಸ್ತಕದ ಎರಡು ಪ್ರತಿ, ಪ್ರಶಸ್ತಿ ಪತ್ರ, ಸಮಾರಂಭದಲ್ಲಿ ಶಾಲು” ಎಂಬ ಸಂದೇಶ ಬರೆಯುವವರಿಗೆಲ್ಲ ಒಂದಲ್ಲ ಒಂದು ದಿನ ಬರುತ್ತದೆ. ಗಲ್ಫಿನ ನಂಬರ್ ಕಂಡರೆ ಇನ್ನೂ ಬೇಗ ಬರುತ್ತದೆ. ನಮ್ಮ ಸಂಬಳದಲ್ಲಿ ಊರಿಗೆ ಕಳಿಸಿ ಉಳಿಯುವುದೆಷ್ಟು ಎಂದು ಅವರಿಗೆ ಗೊತ್ತಿಲ್ಲ. ದುಡ್ಡು ಕೊಟ್ಟವರೆಲ್ಲರ ಕವನವೂ ಆಯ್ಕೆಯಾಗುವ ಜಾಗದಲ್ಲಿ ಆಯ್ಕೆ ಎಂಬ ಮಾತಿಗೆ ಅರ್ಥ ಇರುವುದಿಲ್ಲ. ಆ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಕಥಾಸಂಕಲನ ತರಿಸಿಕೊಂಡು ಓದಿ. ನಿಮ್ಮ ಬರಹಕ್ಕೆ ಅದರಿಂದ ಆಗುವ ಲಾಭ ಶಾಲಿನಿಂದ ಆಗುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನರಿಗೆ ತಡವಾಗಿ ಗೊತ್ತಾಗುತ್ತದೆ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಂಥ ಸ್ಪರ್ಧೆಗಳಿಗೆ ಸಾಮಾನ್ಯವಾಗಿ ಅಪ್ರಕಟಿತ ಬರಹವನ್ನೇ ಕಳಿಸಬೇಕು. ಫೇಸ್‌ಬುಕ್ಕಿನಲ್ಲಿ, ಬ್ಲಾಗಿನಲ್ಲಿ, ಆ್ಯಪಿನಲ್ಲಿ ಹಾಕಿದ್ದನ್ನೂ ಪ್ರಕಟಿತ ಎಂದೇ ಎಣಿಸುವುದು ಈಗಿನ ರೂಢಿ. ಆದ್ದರಿಂದ ನಿಮ್ಮ ಅತ್ಯುತ್ತಮ ಕಥೆಯನ್ನು ಬರೆದ ರಾತ್ರಿಯೇ ಗೋಡೆಗೆ ಅಂಟಿಸಬೇಡಿ. ಮೊದಲು ಸ್ಪರ್ಧೆಗೋ ಪತ್ರಿಕೆಗೋ ಕಳಿಸಿ, ಕಾಯಿರಿ. ಅಲ್ಲಿ ಆಗದಿದ್ದರೆ ಜಾಲಪತ್ರಿಕೆ. ಅಲ್ಲಿ ಬಂದ ಮೇಲೆ ನಿಮ್ಮ ಬ್ಲಾಗು. ಆಮೇಲೆ ಅದರ ಕೊಂಡಿಯನ್ನು ಫೇಸ್‌ಬುಕ್ಕಿಗೂ ಗ್ರೂಪಿಗೂ ಹಾಕಿ. ಸಂತೆಗೆ ಹೋಗುವುದು ಈ ಹಂತದಲ್ಲಿ.

ಪ್ರತಿಲಿಪಿಯ ಬಗ್ಗೆ ಕೇಳುವವರು ಬಹಳ. ಬೆಂಗಳೂರಿನಿಂದ 2014ರಲ್ಲಿ ಶುರುವಾದ ಈ ವೇದಿಕೆಯಲ್ಲಿ ಕನ್ನಡ ಓದುಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಬರಹದ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ಧಾರಾವಾಹಿ ಬರೆಯುವ ಹುಮ್ಮಸ್ಸು ಇರುವವರಿಗೆ, ಪ್ರೇಮಕಥೆ, ಪತ್ತೇದಾರಿ ಬರೆಯುವವರಿಗೆ ಇದು ಒಳ್ಳೆಯ ಜಾಗ. ಮುಂದಿನ ಕಂತು ಯಾವಾಗ ಎಂದು ಕೇಳುವ ಓದುಗರು ಅಲ್ಲಿ ನಿಜವಾಗಿ ಇದ್ದಾರೆ. ಆದರೆ ಅಲ್ಲಿಯೂ ಎಣಿಕೆ ಕಣ್ಣಿಗೆ ಹೊಡೆಯುತ್ತದೆ: ಎಷ್ಟು ಓದು, ಎಷ್ಟು ನಕ್ಷತ್ರ, ಎಷ್ಟು ಹಿಂಬಾಲಕರು. ಓವರ್‌ಟೈಮ್ ಮಾಡಿ ಬಂದು ದಿನಕ್ಕೊಂದು ಕಂತು ಬರೆಯುವ ಒತ್ತಡಕ್ಕೆ ಬಿದ್ದರೆ ನಿದ್ದೆಯೂ ಹೋಗುತ್ತದೆ, ಬರಹವೂ ಸಡಿಲವಾಗುತ್ತದೆ. ಅಲ್ಲಿಗೆ ಹೋಗುವುದಾದರೆ ಇಡೀ ಕಥೆ ಬರೆದು ಮುಗಿಸಿ, ಆಮೇಲೆ ಕಂತು ಕಂತಾಗಿ ಹಾಕಿ ಎಂಬುದು ನನ್ನ ಸಲಹೆ.

ಮನೆ ಯಾಕೆ ಬೇಕು?

ಜಗಲಿಯಲ್ಲಿ ಕೂರುವವನಿಗೂ ರಾತ್ರಿ ಮಲಗಲು ಮನೆ ಬೇಕು. ಆರ್ಕುಟ್ ನೆನಪಿದೆಯೇ? ನಮ್ಮಲ್ಲಿ ಎಷ್ಟೋ ಜನರ ಮೊದಲ ಕನ್ನಡ ಬರಹ ಅಲ್ಲಿನ ಕಮ್ಯುನಿಟಿಗಳಲ್ಲೇ ಬಂದದ್ದು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್ 2ರಂದು ಮುಚ್ಚಿತು. ಬೆಂಗಳೂರಿನಲ್ಲೇ ಹುಟ್ಟಿ, ಮೊದಲು ಕನ್ನಡದಲ್ಲೇ ಶುರುವಾದ ‘ಕೂ’ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಪ್ರತಿ ಸಲವೂ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳದವರ ಬರಹ ಹೋಯಿತು. ಬಾಡಿಗೆ ಮನೆಯ ಮಾಲೀಕ ಖಾಲಿ ಮಾಡು ಎಂದರೆ ಸಾಮಾನು ಎತ್ತಲು ಎರಡು ತಿಂಗಳು ಸಿಗುತ್ತದೆ. ಬರಹಕ್ಕೆ ಅಷ್ಟು ಸಿಗುತ್ತದೆ ಎಂಬ ಖಾತ್ರಿ ಇಲ್ಲ.

ಮನೆ ಎಂದರೆ ಎರಡು ಕೋಣೆ. ಒಳಗಿನ ಕೋಣೆ ನಿಮ್ಮ ಸ್ವಂತ ಕಡತ. ಪ್ರತಿ ಬರಹವನ್ನೂ ತಾರೀಕು ಹಾಕಿ ಫೋನಿನ ಹೊರಗೆ ಇನ್ನೊಂದು ಕಡೆ ಇಡಿ, ಗೂಗಲ್ ಡ್ರೈವ್ ಆಗಬಹುದು, ನಿಮಗೆ ನೀವೇ ಕಳಿಸಿಕೊಂಡ ಇಮೇಲ್ ಆದರೂ ಆಗಬಹುದು. ಸೈಟಿನಲ್ಲಿ ಫೋನು ಬಿದ್ದು ಒಡೆಯುವುದು ನಮಗೆ ಹೊಸತಲ್ಲ. ಹೊರಗಿನ ಕೋಣೆ ನಿಮ್ಮ ಹೆಸರಿನ ಬ್ಲಾಗು. ಗೂಗಲ್‌ನ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡರಲ್ಲೂ ಪುಕ್ಕಟೆಯಾಗಿ ಶುರು ಮಾಡಬಹುದು. ಫೋನಿನಿಂದಲೇ ಅರ್ಧ ಗಂಟೆಯಲ್ಲಿ ತೆರೆಯಬಹುದು. ಆರ್ಕುಟ್ ಮುಚ್ಚಿದ ಗೂಗಲ್ ನಾಳೆ ಬ್ಲಾಗರನ್ನೂ ಮುಚ್ಚಬಹುದಲ್ಲವೇ ಎಂದು ಕೇಳಿದರೆ, ಹೌದು, ಮುಚ್ಚಬಹುದು. ಆದರೆ ಇವೆರಡರಲ್ಲೂ ಇಡೀ ಬ್ಲಾಗನ್ನು ಒಂದೇ ಕಡತವಾಗಿ ಇಳಿಸಿಕೊಳ್ಳುವ ಅವಕಾಶ ಸೆಟ್ಟಿಂಗಿನಲ್ಲೇ ಇದೆ. ವರ್ಷಕ್ಕೆರಡು ಸಲ ಇಳಿಸಿಕೊಂಡರೆ ಸಾಕು. ಮನೆ ಬದಲಾದರೂ ಸಾಮಾನು ನಮ್ಮ ಹತ್ತಿರ ಇರುತ್ತದೆ.

ಕಂಪ್ಯೂಟರಿನಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದು ಬ್ಲಾಗಿಗೆ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪು ಮಾಡಿ. ಫೋನಿನಲ್ಲಿ ಬರೆಯುವುದೆಲ್ಲ ಯೂನಿಕೋಡೇ ಆದ್ದರಿಂದ ಅಲ್ಲಿ ಈ ತೊಂದರೆ ಇಲ್ಲ. ಟೈಪು ಮಾಡಲು ಬೆರಳು ಸೋತವರು ಗೂಗಲ್ ಕೀಬೋರ್ಡಿನ ಮೈಕು ಒತ್ತಿ ಕನ್ನಡದಲ್ಲಿ ಮಾತಾಡಿದರೂ ಆಗುತ್ತದೆ, ಆಮೇಲೆ ಕೂತು ತಿದ್ದಿಕೊಳ್ಳಬೇಕು ಅಷ್ಟೆ.

ಹಕ್ಕಿನ ವಿಷಯವನ್ನೂ ತಿಳಿದಿರಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದ್ದು. ನೋಂದಣಿ ಕಡ್ಡಾಯ ಅಲ್ಲ. ಅದು ಬರೆದವರ ಜೀವಿತಾವಧಿ ಮತ್ತು ಅದರ ನಂತರ 60 ವರ್ಷ ಇರುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಿದ್ದರೆ ಬರವಣಿಗೆಯಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದು ಲೆಕ್ಕ. ಆದ್ದರಿಂದ ಯಾರಾದರೂ ಫಾರಂ ಕಳಿಸಿ ಸಹಿ ಹಾಕು ಎಂದರೆ, ಆ್ಯಪಿನಲ್ಲಿ ‘ಒಪ್ಪಿಗೆ’ ಒತ್ತು ಎಂದರೆ, ಎಷ್ಟು ವರ್ಷಕ್ಕೆ, ಯಾವುದಕ್ಕೆಲ್ಲ ಎಂದು ಓದಿ ಒತ್ತಿ. ನಾಳೆ ನಿಮ್ಮ ಕಥೆ ನಾಟಕವೋ ಕಿರುಚಿತ್ರವೋ ಆಗಬಹುದು.

ನಾವಿರುವ ದೇಶದ ಮಾತು

ಇಲ್ಲಿಯವರೆಗೆ ಹೇಳಿದ್ದು ಬೆಂಗಳೂರಿನಲ್ಲಿರುವ ಹೊಸಬರಿಗೂ ಅನ್ವಯಿಸುತ್ತದೆ. ಮುಂದಿನದು ನಮಗೆ ಮಾತ್ರ.

ನಾವು ಬರೆಯುವುದು ಕನ್ನಡದಲ್ಲೇ ಆದರೂ ಒತ್ತುವ ಬೆರಳು ಇರುವುದು ಈ ನೆಲದಲ್ಲಿ, ಅನ್ವಯಿಸುವುದು ಇಲ್ಲಿನ ಕಾನೂನು. ಯುಎಇಯಲ್ಲಿ 2021ರ 34ನೇ ಸಂಖ್ಯೆಯ ಸೈಬರ್ ಅಪರಾಧ ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೋ ತೆಗೆದು ಹಂಚಿ ಅವರ ಖಾಸಗಿತನಕ್ಕೆ ಧಕ್ಕೆ ತಂದರೆ ಕನಿಷ್ಠ 6 ತಿಂಗಳ ಜೈಲು, 1,50,000ದಿಂದ 5,00,000 ದಿರ್ಹಮ್ ದಂಡ, ಅಥವಾ ಇವೆರಡರಲ್ಲಿ ಒಂದು. ಆನ್‌ಲೈನಿನಲ್ಲಿ ಒಬ್ಬರ ಮಾನಕ್ಕೆ ಕುಂದು ತಂದರೆ ದಂಡ 2,50,000 ದಿರ್ಹಮಿನಿಂದ ಶುರುವಾಗುತ್ತದೆ. ಸೌದಿಯ 2007ರ ಕಾನೂನಿನಲ್ಲಿ ಇಂಥದ್ದಕ್ಕೆ 1 ವರ್ಷದವರೆಗೆ ಜೈಲು, 5,00,000 ರಿಯಾಲಿನವರೆಗೆ ದಂಡ ಇದೆ. ಕತಾರ್, ಕುವೈತ್, ಬಹರೈನ್, ಒಮಾನಿನಲ್ಲೂ ಸೈಬರ್ ಕಾನೂನುಗಳಿವೆ. ವಾಟ್ಸಾಪ್ ಗ್ರೂಪು ಖಾಸಗಿ, ಕನ್ನಡ ಯಾರಿಗೂ ಅರ್ಥವಾಗುವುದಿಲ್ಲ, ಕಾವ್ಯನಾಮ ಇದೆಯಲ್ಲ ಎಂಬ ಧೈರ್ಯ ಬೇಡ. ಗ್ರೂಪಿನಲ್ಲಿ ಕನ್ನಡ ಬಲ್ಲವರೇ ಇರುವುದು, ಸ್ಕ್ರೀನ್‌ಶಾಟ್ ತೆಗೆಯುವವರೂ ಅವರೇ.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕೇ? ಇಲ್ಲ. ದೂರು ಬೇರೆ, ಬರಹ ಬೇರೆ ಎಂದು ತಿಳಿದುಕೊಂಡರೆ ಸಾಕು. ಸಂಬಳ ಬಾಕಿ ಇದೆಯೇ, ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡಿದ್ದಾರೆಯೇ, ಅದರ ಜಾಗ ಫೇಸ್‌ಬುಕ್ ಅಲ್ಲ. ಅದಕ್ಕೆ ಇಲ್ಲಿನ ಕಾರ್ಮಿಕ ಸಚಿವಾಲಯ ಇದೆ, ಭಾರತದ ರಾಯಭಾರ ಕಚೇರಿ ಇದೆ, ಭಾರತ ಸರ್ಕಾರದ ‘ಮದದ್’ ಪೋರ್ಟಲ್ ಇದೆ. ಕಂಪನಿಯ ಹೆಸರು, ಮುದೀರನ ಹೆಸರು, ಕ್ಯಾಂಪಿನ ಫೋಟೋ ಹಾಕಿ ಸಿಟ್ಟು ತೀರಿಸಿಕೊಂಡರೆ ಸಂಬಳವೂ ಬರುವುದಿಲ್ಲ, ಬರಹವೂ ಆಗುವುದಿಲ್ಲ.

ಬರಹದ ದಾರಿ ಬೇರೆ. ಬೆನ್ಯಾಮಿನ್ 1992ರಿಂದ 2013ರವರೆಗೆ ಬಹರೈನಿನಲ್ಲಿದ್ದವರು. ಸೌದಿಯ ಮರುಭೂಮಿಯಲ್ಲಿ ಆಡು ಮೇಯಿಸುವ ಕೆಲಸಕ್ಕೆ ಸಿಕ್ಕಿಬಿದ್ದ ಮಲಯಾಳಿಯೊಬ್ಬನ ಬದುಕನ್ನು ಅವರು ‘ಆಡುಜೀವಿತಂ’ ಕಾದಂಬರಿಯಾಗಿ ಬರೆದರು. 2008ರಲ್ಲಿ ಪುಸ್ತಕವಾಯಿತು, 2009ರ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2024ರಲ್ಲಿ ಸಿನಿಮಾ ಆಯಿತು. ಒಬ್ಬನ ಮೇಲಿನ ದೂರಾಗಿ ಬರೆದಿದ್ದರೆ ಅದು ಒಂದು ವಾರದಲ್ಲಿ ಮರೆತುಹೋಗುತ್ತಿತ್ತು. ಕಾದಂಬರಿಯಾಗಿ ಬರೆದದ್ದರಿಂದ ಉಳಿಯಿತು. ಆ ಕೆಲಸಕ್ಕೆ ವರ್ಷಗಳು ಬೇಕಾಗಿದ್ದವು. ಸಂತೆಯ ವೇಗದಲ್ಲಿ ಅಂಥದ್ದು ಹುಟ್ಟುವುದಿಲ್ಲ.

ನಮ್ಮವರಿಗೂ ಹೇಳಲು ಎಷ್ಟಿದೆ! ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಯುಎಇಯಲ್ಲಿ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ಎರಡೂವರೆ ಗಂಟೆ ನೆರಳಿನಲ್ಲಿ ಮಲಗಿದವರು ಏನು ಮಾತಾಡಿಕೊಳ್ಳುತ್ತಾರೆ ಎಂದು ಕನ್ನಡದಲ್ಲಿ ಯಾರು ಬರೆದಿದ್ದಾರೆ? ಒಂದೇ ಕೋಣೆಯಲ್ಲಿ ಬಂಗಾಳಿ, ನೇಪಾಳಿ, ಪಾಕಿಸ್ತಾನಿ ಜೊತೆ ಹತ್ತು ವರ್ಷ ಕಳೆದವರ ಅಡುಗೆಯ ಕಥೆ? ತಂದೆಯ ಮರಣದ ಸುದ್ದಿ ಕೇಳಿ ಟಿಕೆಟ್ ಸಿಗದೆ ವಿಡಿಯೋದಲ್ಲೇ ಮುಖ ನೋಡಿದವರ ರಾತ್ರಿ? ಬೆಂಗಳೂರಿನ ದೊಡ್ಡ ಲೇಖಕರು ಇದನ್ನು ನಮ್ಮ ಪರವಾಗಿ ಬರೆಯಲು ಆಗುವುದಿಲ್ಲ. ನಾವು ಇದನ್ನೆಲ್ಲ ಗ್ರೂಪಿಗೆ ಹಾಕಿ ಕಳೆದುಕೊಂಡರೆ, ಐವತ್ತು ವರ್ಷದ ನಂತರ ಗಲ್ಫಿನಲ್ಲಿ ಕನ್ನಡಿಗರು ಹೇಗೆ ಬದುಕಿದ್ದರು ಎಂದು ಹುಡುಕುವ ಮೊಮ್ಮಕ್ಕಳಿಗೆ ರಾಜ್ಯೋತ್ಸವದ ಗುಂಪು ಫೋಟೋ ಬಿಟ್ಟು ಬೇರೇನೂ ಸಿಗುವುದಿಲ್ಲ.

ಸಂಘಗಳು ಮಾಡಬೇಕಾದದ್ದು

ಕೊನೆಯದಾಗಿ ನಮ್ಮ ಸಂಘಗಳಿಗೂ ಒಂದು ಮಾತು. ನೀವು ಓದುತ್ತಿರುವ ಈ ವಾರ್ಷಿಕ ಸಂಚಿಕೆ ಗಲ್ಫ್ ಕನ್ನಡಿಗರ ಅತ್ಯಂತ ಹಳೆಯ ಜಗಲಿಗಳ ಸಾಲಿಗೆ ಸೇರಿದ್ದು. ಆದರೆ ಸಂಚಿಕೆಗಳ ಗತಿ ಏನಾಗುತ್ತಿದೆ? ಸಮಾರಂಭದಲ್ಲಿ ಬಿಡುಗಡೆ, ಅತಿಥಿಗಳ ಕೈಯಲ್ಲಿ ಫೋಟೋ, ಉಳಿದ ಪ್ರತಿಗಳು ಪದಾಧಿಕಾರಿಗಳ ಕಾರಿನ ಡಿಕ್ಕಿಯಲ್ಲಿ. ಹೆಚ್ಚೆಂದರೆ ಒಂದು ಪಿಡಿಎಫ್ ಗ್ರೂಪಿಗೆ ಬರುತ್ತದೆ. ಪುಟಗಳನ್ನು ಚಿತ್ರವಾಗಿ ಮಾಡಿದ ಪಿಡಿಎಫ್‌ನಲ್ಲಿ ಬರೆದವರ ಹೆಸರು ಹಾಕಿ ಹುಡುಕಿದರೂ ಏನೂ ಸಿಗುವುದಿಲ್ಲ.

ಮೂರು ಕೆಲಸಕ್ಕೆ ಹೆಚ್ಚು ಖರ್ಚು ಇಲ್ಲ. ಪ್ರತಿ ವರ್ಷದ ಲೇಖನಗಳನ್ನು ಯೂನಿಕೋಡಿನಲ್ಲಿ, ಒಂದೊಂದಕ್ಕೆ ಒಂದೊಂದು ವಿಳಾಸ ಇರುವಂತೆ, ಸಂಘದ ಜಾಲತಾಣದಲ್ಲಿ ಹಾಕಬೇಕು. ಸಮಿತಿ ಬದಲಾದರೂ ಜಾಲತಾಣದ ಬಾಡಿಗೆ ಕಟ್ಟುವುದನ್ನು ಬಜೆಟ್ಟಿನಲ್ಲಿ ಬರೆದಿಡಬೇಕು. ತಿಂಗಳಿಗೊಮ್ಮೆ ಐದಾರು ಜನ ಸೇರಿ ಒಬ್ಬರ ಬರಹ ಓದಿ, ತಪ್ಪು ಒಪ್ಪು ಮಾತಾಡುವ ಸಂಜೆ ನಡೆಸಬೇಕು. ಚಹಾ ಮತ್ತು ಒಂದು ಕೋಣೆ ಸಾಕು, ವೇದಿಕೆ, ಮೈಕು, ಶಾಲು ಬೇಡ. ಕ್ಯಾಂಪಿನಿಂದ ಬರಲು ಆಗದವರಿಗೆ ಫೋನಿನಲ್ಲೇ ಸೇರುವ ವ್ಯವಸ್ಥೆ ಇರಲಿ. ಮತ್ತು ಸಂಚಿಕೆಗೆ ಬಂದ ಪ್ರತಿ ಬರಹಕ್ಕೂ, ಹಾಕದೆ ಬಿಟ್ಟದ್ದಕ್ಕೂ, ಸಂಪಾದಕ ಮಂಡಳಿ ಎರಡು ಸಾಲಿನ ಉತ್ತರ ಬರೆಯಬೇಕು. ಉತ್ತರ ಬಾರದ ಬರಹಗಾರ ಮುಂದಿನ ವರ್ಷ ಬರೆಯುವುದಿಲ್ಲ. ಬರೆದರೂ ನಮಗೆ ಕಳಿಸುವುದಿಲ್ಲ.

ಹೊಸದಾಗಿ ಬರೆಯುವವರಿಗೆ ಇಷ್ಟು ಹೇಳುತ್ತೇನೆ. ಬರುವ ರಜೆಯ ದಿನ ಬಟ್ಟೆ ಒಗೆದು ಮುಗಿದ ಮೇಲೆ ಒಂದು ಗಂಟೆ ತೆಗೆದಿಡಿ. ಇದುವರೆಗೆ ಗ್ರೂಪುಗಳಿಗೆ, ಫೇಸ್‌ಬುಕ್ಕಿಗೆ ಹಾಕಿದ್ದರಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಕಡತಕ್ಕೆ ತನ್ನಿ, ತಾರೀಕು ಹಾಕಿ. ಒಂದು ಬ್ಲಾಗು ತೆರೆದು ಅದರಲ್ಲಿ ನಿಮಗೆ ಒಳ್ಳೆಯದೆನ್ನಿಸಿದ ಮೂರನ್ನು ಮಾತ್ರ ಇಡಿ. ಇನ್ನೂ ಎಲ್ಲಿಯೂ ಹಾಕದ ಒಂದನ್ನು ಆರಿಸಿ, ಎರಡು ಸಲ ಗಟ್ಟಿಯಾಗಿ ಓದಿ ತಿದ್ದಿ, ಒಂದು ಪತ್ರಿಕೆಗೆ ಕಳಿಸಿ. ಉತ್ತರ ಬರಲು ಎರಡು ತಿಂಗಳಾದರೂ ಆಗಬಹುದು. ಆ ಎರಡು ತಿಂಗಳಲ್ಲಿ ಮುಂದಿನ ಕಥೆ ಬರೆಯಿರಿ.